ವಿದ್ಯುನ್ಮಾನ ದತ್ತಾಂಶ ವಿನಿಮಯ: ವ್ಯವಹಾರದಲ್ಲಿ ಅಳವಡಿಕೆಯ ತೊಡಕುಗಳೂ ಅವುಗಳ ಪರಿಹಾರವೂ

ವಿದ್ಯುನ್ಮಾನ ದತ್ತಾಂಶ ವಿನಿಮಯವೆಂದರೆ ಖರೀದಿ ಆದೇಶ, ರವಾನೆಯ ಸೂಚನೆ, ಸರಕುಪಟ್ಟಿ, ಹಡಗಿನ ಸರಕುವಿವರ ಮೊದಲಾದ ವ್ಯಾಪಾರ ದಸ್ತಾವೇಜುಗಳು ಒಂದು ಸಂಸ್ಥೆಯ ಗಣಕಯಂತ್ರದಿಂದ ಇನ್ನೊಂದು ಸಂಸ್ಥೆಯ ಗಣಕಯಂತ್ರಕ್ಕೆ, ನಡುವೆ ಯಾರೊಬ್ಬರೂ ಮತ್ತೆ ಬೆರಳಚ್ಚು ಮಾಡಬೇಕಾದ ಅಗತ್ಯವಿಲ್ಲದಂತೆ, ಉಭಯಪಕ್ಷಗಳೂ ಮೊದಲೇ ಒಪ್ಪಿಕೊಂಡ ನಿಯತ ವಿನ್ಯಾಸದಲ್ಲಿ ಸಾಗುವ ಕ್ರಮ. ವ್ಯವಹಾರಸ್ಥರಲ್ಲಿ ಇದು ಇಡಿಐ ಎಂಬ ಸಂಕ್ಷಿಪ್ತ ನಾಮದಿಂದಲೇ ಪ್ರಚಲಿತವಾಗಿದೆ. ಸರಕುಪಟ್ಟಿಯ ಪಿಡಿಎಫ್ ಕಡತವೊಂದನ್ನು ಮಿಂಚಂಚೆಯಲ್ಲಿ ಕಳುಹಿಸಿದ ಮಾತ್ರಕ್ಕೆ ಅದು ಇಡಿಐ ಎನಿಸುವುದಿಲ್ಲ. ಅದನ್ನು ಸ್ವೀಕರಿಸಿದವರು ಕಣ್ಣಿನಿಂದ ಓದಿ ತಮ್ಮ ಲೆಕ್ಕಕ್ಕೆ ಪುನಃ ತುಂಬಿಕೊಳ್ಳಬೇಕಾಗಿರುವವರೆಗೂ ಕಾಗದದ ಪದ್ಧತಿಯೇ ಮುಂದುವರಿದಿದೆಯೆಂದು ತಿಳಿಯಬೇಕು. ಈ ವ್ಯವಸ್ಥೆಯನ್ನು ಕೈಗೊಂಡ ಸಂಸ್ಥೆಗಳು ಯಂತ್ರದ ದೋಷದಿಂದ ಎಡವಿದ್ದು ವಿರಳ. ಕಾಗದದ ಕಾಲದಲ್ಲಿ ಅನುಭವಿಯಾದ ಗುಮಾಸ್ತನು ತನ್ನ ವಿವೇಕದಿಂದ ಸದ್ದಿಲ್ಲದೆ ತಿದ್ದಿಕೊಳ್ಳುತ್ತಿದ್ದ ಸಂದಿಗ್ಧಗಳನ್ನೆಲ್ಲ ಈಗ ಮುಂಚಿತವಾಗಿ, ಲಿಖಿತವಾಗಿ, ಎರಡೂ ಕಡೆಯವರು ಕೂಡಿ ನಿರ್ಣಯಿಸಬೇಕೆಂಬುದನ್ನು ಅವು ಮನಗಾಣದೆ ಹೋದದ್ದೇ ಬಹುಪಾಲು ವೈಫಲ್ಯಗಳ ಮೂಲ.

ಈ ಪದ್ಧತಿಯ ಹುಟ್ಟಿನಲ್ಲಿಯೇ ಆ ಪಾಠವು ಅಡಗಿದೆ. 1948ರ ಜೂನ್ ತಿಂಗಳಲ್ಲಿ ಸೋವಿಯತ್ ಒಕ್ಕೂಟವು ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು ಮತ್ತು ಜಲಮಾರ್ಗಗಳನ್ನು ಮುಚ್ಚಿದಾಗ, ಆ ನಗರದ ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟ ಜನರಿಗೆ ಆಹಾರವನ್ನೂ ಕಲ್ಲಿದ್ದಲನ್ನೂ ವಿಮಾನಗಳಲ್ಲಿಯೇ ಸಾಗಿಸಬೇಕಾಗಿ ಬಂದಿತು. ಸರಕಿನ ಜೊತೆಯಲ್ಲಿ ಬರುತ್ತಿದ್ದ ವಿವರಪಟ್ಟಿಗಳು ಒಂದೊಂದು ಒಂದೊಂದು ರೀತಿಯಲ್ಲಿದ್ದುದರಿಂದ ಯಾವ ವಿಮಾನದಲ್ಲಿ ಏನು ಬಂದಿದೆಯೆಂದು ಲೆಕ್ಕವಿಡುವುದೇ ದುಸ್ಸಾಧ್ಯವಾಯಿತು. ಅಮೆರಿಕ ಸೈನ್ಯದ ಎಡ್ವರ್ಡ್ ಗಿಲ್ಬರ್ಟ್ ಮತ್ತು ಅವರ ಸಂಗಡಿಗರು ಟೆಲೆಕ್ಸ್, ರೇಡಿಯೋ ಅಥವಾ ದೂರವಾಣಿ ಯಾವುದರಲ್ಲಿ ಬೇಕಾದರೂ ಕಳುಹಿಸಬಹುದಾದ ಏಕರೂಪದ ಸರಕುವಿವರವೊಂದನ್ನು ಆಗ ರೂಪಿಸಿದರು. ಟೆಲೆಕ್ಸ್ ಯಂತ್ರವು ಅದಕ್ಕೆ ಮುಂಚೆಯೂ ಇತ್ತು, ಇಲ್ಲದಿದ್ದುದು ಒಡಂಬಡಿಕೆ. ಅದೇ ಗಿಲ್ಬರ್ಟರು ತರುವಾಯ 1960ರ ದಶಕದಲ್ಲಿ ಡ್ಯುಪಾಂಟ್ ರಾಸಾಯನಿಕ ಸಂಸ್ಥೆಯಲ್ಲಿದ್ದುಕೊಂಡು ಸರಕುಸಾಗಣೆಯವರೊಡನೆ ವಿದ್ಯುನ್ಮಾನ ಸಂದೇಶಗಳ ಕ್ರಮವನ್ನು ಬೆಳೆಸಿದರು. 1968ರಲ್ಲಿ ಅಮೆರಿಕದಲ್ಲಿ ಸಾರಿಗೆ ದತ್ತಾಂಶ ಸಮನ್ವಯ ಸಮಿತಿಯು ಸ್ಥಾಪಿತವಾಗಿ, 1975ರಲ್ಲಿ ಅದರ ಮೊದಲ ಮಾನಕಗಳು ಪ್ರಕಟವಾದುವು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಎಕ್ಸ್-12 ಸಮಿತಿಯನ್ನು ನೇಮಿಸಿತು. 1987ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಎಡಿಫ್ಯಾಕ್ಟ್ ವಾಕ್ಯರಚನೆಯು ಐಎಸ್ಒ 9735 ಎಂಬ ಅಂತಾರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು.

ಕಾಗದದ ಖರೀದಿ ಆದೇಶವನ್ನು ಕೈಗೆತ್ತಿಕೊಂಡ ಗುಮಾಸ್ತನು ಏನು ಮಾಡುತ್ತಿದ್ದನೆಂಬುದನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಆದೇಶದಲ್ಲಿ ಸಾಬೂನು 12 ಎಂದಷ್ಟೇ ಇದ್ದು, ಆ ಗಿರಾಕಿ ಎಂದೂ ಬಿಡಿಯಾಗಿ ಕೊಳ್ಳುವವರಲ್ಲವೆಂದು ಬಲ್ಲವನಾದುದರಿಂದ ಅವನು ಅದನ್ನು 12 ಪೆಟ್ಟಿಗೆಯೆಂದೇ ಬರೆದುಕೊಳ್ಳುತ್ತಿದ್ದನು. ಹಳೆಯ ದರ ನಮೂದಾಗಿದ್ದರೆ ದೂರವಾಣಿಯಲ್ಲಿ ಕೇಳಿ ತಿದ್ದುತ್ತಿದ್ದನು. ವಿಳಾಸದಲ್ಲಿ ಗೋದಾಮಿನ ಹೆಸರು ಬಿಟ್ಟುಹೋಗಿದ್ದರೂ ಲಾರಿ ಎಲ್ಲಿಗೆ ಹೋಗತಕ್ಕದ್ದೆಂಬುದು ಅವನಿಗೆ ತಿಳಿದೇ ಇರುತ್ತಿತ್ತು. ಎಕ್ಸ್-12 ಮಾನಕದ ಖರೀದಿ ಆದೇಶವಾದ 850 ಎಂಬ ಸಂದೇಶದಲ್ಲಿ ಇದೇ ಸಂಗತಿಯು ಒಂದು ಸಾಲಾಗಿ ಬರುತ್ತದೆ: ಕ್ರಮಸಂಖ್ಯೆ, ಪ್ರಮಾಣ, ಅಳತೆಯ ಸಂಕೇತ, ದರ, ಸರಕಿನ ಗುರುತುಸಂಖ್ಯೆ, ಇವುಗಳ ನಡುವೆ ಸಾಮಾನ್ಯವಾಗಿ ಒಂದೊಂದು ನಕ್ಷತ್ರಚಿಹ್ನೆ, ಇಷ್ಟೆ. ಅಳತೆಯ ಸ್ಥಾನದಲ್ಲಿ ‘ಸಿಎ’ ಎಂದಿದ್ದರೆ ಪೆಟ್ಟಿಗೆ, ‘ಇಎ’ ಎಂದಿದ್ದರೆ ಬಿಡಿ. ಪೆಟ್ಟಿಗೆಯೊಂದಕ್ಕೆ 24 ಬಿಲ್ಲೆಗಳಿರುವಲ್ಲಿ, ಆ ಸಂಕೇತದ ವ್ಯತ್ಯಾಸವೊಂದರಿಂದಲೇ 288 ಬಿಲ್ಲೆಗಳು ಹೋಗಬೇಕಾದ ಅಂಗಡಿಗೆ 12 ಬಿಲ್ಲೆಗಳು ಹೊರಡುತ್ತವೆ. ಯಂತ್ರಕ್ಕೆ ಅನುಮಾನ ಬರುವುದಿಲ್ಲ. ದಿನಾಂಕದ ವಿಷಯವೂ ಹಾಗೆಯೆ. 03-04 ಎಂದು ಬರೆದದ್ದನ್ನು ನಮ್ಮವರು ಏಪ್ರಿಲ್ 3 ಎಂದು ಓದಿದರೆ ಅಮೆರಿಕದವರು ಮಾರ್ಚ್ 4 ಎಂದು ಓದುತ್ತಾರೆ. ಆದಕಾರಣವೇ ಎಡಿಫ್ಯಾಕ್ಟ್ ಸಂದೇಶದಲ್ಲಿ ದಿನಾಂಕದ ಹಿಂದೆ ಒಂದು ಸಂಕೇತವೂ ಮುಂದೆ ಒಂದು ಸಂಕೇತವೂ ಇರುತ್ತವೆ: ಹಿಂದಿನದು 137 ಆದರೆ ಅದು ದಸ್ತಾವೇಜಿನ ದಿನಾಂಕ, 2 ಆದರೆ ಸರಕು ಮುಟ್ಟಬೇಕೆಂದು ಕೋರಿದ ದಿನಾಂಕ, ಮುಂದಿನದು 102 ಆದರೆ ವರ್ಷ, ತಿಂಗಳು, ದಿನ ಎಂಬ ಕ್ರಮದ ಎಂಟು ಅಂಕಿಗಳು.

ಹೀಗಿರುವುದರಿಂದ ಅಳವಡಿಕೆಯ ಮೊದಲ ಕಾರ್ಯವು ತಂತ್ರಾಂಶವನ್ನು ಕೊಳ್ಳುವುದಲ್ಲ, ಮನೆಯೊಳಗಿನ ಲೆಕ್ಕವನ್ನು ಶುದ್ಧಗೊಳಿಸುವುದು. ವ್ಯವಹಾರದವರು ಮಾಸ್ಟರ್ ಡೇಟಾ ಎನ್ನುವ ಮೂಲದತ್ತಾಂಶದಲ್ಲಿ, ಅಂದರೆ ಸರಕುಗಳ, ಗಿರಾಕಿಗಳ, ಗೋದಾಮುಗಳ, ದರಗಳ ಪಟ್ಟಿಗಳಲ್ಲಿ, ಒಂದೇ ವಸ್ತುವು ಮೂರು ಹೆಸರುಗಳಲ್ಲಿಯೂ, ಮುಚ್ಚಿಹೋದ ಗೋದಾಮು ಜೀವಂತವಾಗಿಯೂ, ಹಳೆಯ ದರವು ಹೊಸದರ ಪಕ್ಕದಲ್ಲಿಯೂ ಇರುವುದು ಸಾಮಾನ್ಯ. ಇಂಥ ಪಟ್ಟಿಯ ಮೇಲೆ ಇಡಿಐಯನ್ನು ಕಟ್ಟಿದರೆ ತಪ್ಪುಗಳು ಮೊದಲಿಗಿಂತ ವೇಗವಾಗಿ ಪರಸಂಸ್ಥೆಯ ಬಾಗಿಲಿಗೆ ಮುಟ್ಟುತ್ತವೆ, ಅಷ್ಟೇ ಫಲ. ಜಿಎಸ್1 ಸಂಸ್ಥೆಯು ನೀಡುವ ಸರಕಿನ ಗುರುತುಸಂಖ್ಯೆಯನ್ನೂ, ಪ್ರತಿಯೊಂದು ಕಚೇರಿ ಹಾಗೂ ಗೋದಾಮಿಗೆ ಸಲ್ಲುವ 13 ಅಂಕಿಗಳ ಸ್ಥಾನಸಂಖ್ಯೆಯನ್ನೂ ಎರಡೂ ಕಡೆಯವರು ಬಳಸಲೊಪ್ಪಿದರೆ ಹೆಸರುಗಳ ಜಗಳವು ಬಹುಮಟ್ಟಿಗೆ ತೀರುತ್ತದೆ. ಆದರೆ ಆ ಪಟ್ಟಿಯನ್ನು ದಿನದಿನವೂ ಸರಿಯಾಗಿಡುವ ಹೊಣೆ ಹೆಸರಿಟ್ಟು ಹೇಳಬಹುದಾದ ಒಬ್ಬ ವ್ಯಕ್ತಿಯ ಮೇಲಿರತಕ್ಕದ್ದು. ಎಲ್ಲರ ಹೊಣೆಯೆಂದು ಬಿಟ್ಟಲ್ಲಿ ಆರು ತಿಂಗಳೊಳಗೆ ಅದು ಮೊದಲಿನ ಸ್ಥಿತಿಗೇ ಮರಳುತ್ತದೆ.

ಮೂಲದತ್ತಾಂಶವು ಹೊಂದದೆ ಹೋದಾಗ ಏನಾಗುತ್ತದೆಂಬುದಕ್ಕೆ ಭಾರತದ ರಫ್ತುದಾರರು 2017 ಮತ್ತು 2018ರಲ್ಲಿ ಅನುಭವಿಸಿದ ಕಷ್ಟಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಅಪರೂಪ. ನಮ್ಮ ದೇಶದ ಕಸ್ಟಮ್ಸ್ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ನೆರವಿನಿಂದ ನಿರ್ಮಿಸಿದ ಐಸಿಇಎಸ್ ಎಂಬ ಇಡಿಐ ವ್ಯವಸ್ಥೆಯು 1995ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ಕ್ರಮೇಣ ದೇಶದ ಮುಖ್ಯ ಬಂದರುಗಳಿಗೂ ವಿಮಾನ ನಿಲ್ದಾಣಗಳಿಗೂ ಒಳನಾಡಿನ ಕಂಟೇನರ್ ಡಿಪೋಗಳಿಗೂ ಹಬ್ಬಿತ್ತು. ರಫ್ತಿನ ಘೋಷಣಾಪತ್ರಗಳಾದ ಶಿಪ್ಪಿಂಗ್ ಬಿಲ್ಲುಗಳು ಐಸ್‌ಗೇಟ್ ಎಂಬ ದ್ವಾರದ ಮೂಲಕ ಅದರೊಳಗೆ ಸೇರುತ್ತಿದ್ದುವು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ರಫ್ತುದಾರನು ಕಟ್ಟಿದ ಐಜಿಎಸ್‌ಟಿ ತೆರಿಗೆಯ ಮರುಪಾವತಿಗೆ ಪ್ರತ್ಯೇಕ ಅರ್ಜಿಯೇ ಬೇಡವೆಂದು, ಶಿಪ್ಪಿಂಗ್ ಬಿಲ್ಲನ್ನೇ ಅರ್ಜಿಯೆಂದು ಭಾವಿಸತಕ್ಕದ್ದೆಂದು ನಿಯಮವಾಯಿತು. ಜಿಎಸ್‌ಟಿ ಜಾಲವು ರಫ್ತುದಾರನ ತೆರಿಗೆ ವಿವರಣೆಯಲ್ಲಿದ್ದ ಸರಕುಪಟ್ಟಿಯ ಮಾಹಿತಿಯನ್ನು ಕಸ್ಟಮ್ಸ್ ವ್ಯವಸ್ಥೆಗೆ ಕಳುಹಿಸುವುದು, ಅದು ಶಿಪ್ಪಿಂಗ್ ಬಿಲ್ಲಿನೊಡನೆ ತಾಳೆಯಾದರೆ ಹಣವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದು, ಇದು ಯೋಜನೆ. ಕಲ್ಪನೆಯು ಉತ್ತಮವಾದುದೇ ಆಗಿತ್ತು.

ಆದರೆ ಬಹುಸಂಖ್ಯೆಯ ರಫ್ತುದಾರರು ಎರಡು ಬಗೆಯ ಸರಕುಪಟ್ಟಿಗಳನ್ನು ಇಟ್ಟುಕೊಂಡಿದ್ದರು: ತೆರಿಗೆಗಾಗಿ ಒಂದು, ವಿದೇಶದ ಗಿರಾಕಿಗಾಗಿ ಇನ್ನೊಂದು, ಬೇರೆ ಬೇರೆ ಸಂಖ್ಯೆಗಳಲ್ಲಿ. ಕಸ್ಟಮ್ಸ್ ಏಜೆಂಟರು ಶಿಪ್ಪಿಂಗ್ ಬಿಲ್ಲಿನಲ್ಲಿ ಎರಡನೆಯದನ್ನು ನಮೂದಿಸಿದರೆ, ಲೆಕ್ಕಪರಿಶೋಧಕರು ಜಿಎಸ್‌ಟಿ ವಿವರಣೆಯಲ್ಲಿ ಮೊದಲನೆಯದನ್ನು ತುಂಬಿದರು. ಕಾಗದದ ಕಡತಗಳನ್ನು ಮುಂದಿಟ್ಟುಕೊಂಡ ಅಧಿಕಾರಿಯೊಬ್ಬರಿಗೆ ಇವೆರಡೂ ಒಂದೇ ಸರಕೆಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತಿತ್ತು. ಯಂತ್ರವಾದರೋ ಎಸ್‌ಬಿ005 ಎಂಬ ದೋಷಸಂಕೇತವನ್ನು ಬರೆದು ಮರುಪಾವತಿಯನ್ನು ತಡೆಯಿತು. ಜಿಎಸ್‌ಟಿ ನೋಂದಣಿ ಸಂಖ್ಯೆಯು ಹೊಂದದಿದ್ದರೆ ಎಸ್‌ಬಿ003. ಇನ್ನು ಎಸ್‌ಬಿ006 ಎಂಬುದರ ನೋವು ಬೇರೆ ಬಗೆಯದು. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋವಿನಂಥ ಒಳನಾಡಿನ ನೆಲೆಯಲ್ಲಿ ಕಂಟೇನರ್ ತುಂಬಿಸಿ ಚೆನ್ನೈ ಬಂದರಿನ ಮೂಲಕ ಕಳುಹಿಸಿದ ತಯಾರಕನು ತನ್ನ ಪಾಲಿನ ಕಾಗದಪತ್ರಗಳನ್ನೆಲ್ಲ ನಿರ್ದುಷ್ಟವಾಗಿ ಸಲ್ಲಿಸಿದ್ದರೂ, ಹಡಗಿನ ಕಂಪನಿಯವರು ಬಂದರಿನಲ್ಲಿ ನಿರ್ಗಮನದ ಸರಕುವಿವರವನ್ನು ಸರಿಯಾಗಿ ಸಲ್ಲಿಸುವವರೆಗೂ ಅವನ ಹಣವು ಬರುವಂತಿರಲಿಲ್ಲ. ಇಡಿಐ ಸರಪಳಿಯಲ್ಲಿ ಅನ್ಯರ ಅಲಕ್ಷ್ಯವು ತನ್ನ ನಷ್ಟವಾಗಿ ಪರಿಣಮಿಸುವುದೆಂಬ ಸತ್ಯವನ್ನು ಸಣ್ಣ ರಫ್ತುದಾರರು ದುಡಿಯುವ ಬಂಡವಾಳವನ್ನು ಕಳೆದುಕೊಂಡು ಅರಿಯಬೇಕಾಯಿತು. ಇದು ಅವರಿಗೆ ಆದ ಅನ್ಯಾಯವೆಂದೇ ಹೇಳಬೇಕು. ಕೊನೆಗೆ 2018ರ ಫೆಬ್ರವರಿ 23ರ ಸುತ್ತೋಲೆಯ ಮೂಲಕ ಕಸ್ಟಮ್ಸ್ ಇಲಾಖೆಯ ಕೇಂದ್ರ ಮಂಡಳಿಯು ಪರಿಹಾರವೊಂದನ್ನು ತೆರೆಯಿತು: ರಫ್ತುದಾರನು ತನ್ನ ಎರಡು ಬಗೆಯ ಸರಕುಪಟ್ಟಿಗಳ ಸಂಖ್ಯೆಗಳನ್ನು ಎದುರುಬದುರಾಗಿ ಬರೆದ ತಾಳೆಪಟ್ಟಿಯನ್ನು ಒಪ್ಪಿಸಿದರೆ, ಅಧಿಕಾರಿಯು ಅದನ್ನು ಪರಿಶೀಲಿಸಿ ವ್ಯವಸ್ಥೆಯೊಳಗೆ ತಿದ್ದುಪಡಿ ಮಾಡಬಹುದೆಂದಾಯಿತು. ಮಾರ್ಚ್ 15ರಿಂದ ವಿಶೇಷ ಮರುಪಾವತಿ ಪಕ್ಷವನ್ನೇ ಆಚರಿಸಿ ಬಾಕಿಯನ್ನು ತೀರಿಸಲು ಯತ್ನಿಸಲಾಯಿತು. ಆ ತಾಳೆಪಟ್ಟಿಯು 2017ರ ಜೂನ್ ತಿಂಗಳಲ್ಲಿಯೇ ಸಿದ್ಧವಾಗಿರಬೇಕಾಗಿತ್ತು. ಯಾವ ಸಂಸ್ಥೆಯೇ ಆಗಲಿ, ತನ್ನ ಸಂಖ್ಯೆಗಳನ್ನು ಎದುರುಪಕ್ಷದ ಸಂಖ್ಯೆಗಳೊಡನೆ ಹೊಂದಿಸಿ ನೋಡದೆ, ಅಪವಾದಗಳನ್ನು ತಿದ್ದಲು ಮನುಷ್ಯನಿಗೊಂದು ಕಿಟಕಿಯನ್ನು ಇಡದೆ, ಸ್ವಯಂಚಾಲನೆಗೆ ಕೈಹಾಕಬಾರದು.

ಮಾನಕಗಳ ಬಾಹುಳ್ಯವು ಇನ್ನೊಂದು ತೊಡಕು. ಎಕ್ಸ್-12 ಮತ್ತು ಎಡಿಫ್ಯಾಕ್ಟ್‌ಗಳಲ್ಲದೆ ಜರ್ಮನಿಯ ವಾಹನೋದ್ಯಮಕ್ಕೆ ವಿಡಿಎ, ಬ್ರಿಟನ್ನಿನ ಚಿಲ್ಲರೆ ವ್ಯಾಪಾರಕ್ಕೆ ಟ್ರಾಡಾಕಾಮ್ಸ್ ಎಂಬ ಬೇರೆ ಮಾನಕಗಳು ಬೆಳೆದುವು. ಒಂದೇ ಮಾನಕದೊಳಗೂ ಪ್ರತಿಯೊಬ್ಬ ದೊಡ್ಡ ಖರೀದಿದಾರನು ತನ್ನದೇ ಆದ ಕೈಪಿಡಿಯನ್ನು ಹೊರಡಿಸಿ, ಈ ಸ್ಥಾನ ಕಡ್ಡಾಯ, ಆ ಸ್ಥಾನ ಅನಗತ್ಯ ಎಂದು ವಿಧಿಸುತ್ತಾನೆ. ಐವರು ಖರೀದಿದಾರರಿಗೆ ಸರಕು ಒದಗಿಸುವವನು ಒಂದೇ ಸರಕುಪಟ್ಟಿಗೆ ಐದು ರೂಪಾಂತರಗಳನ್ನು, ಅಂದರೆ ಮ್ಯಾಪಿಂಗುಗಳನ್ನು, ಬರೆಸಬೇಕಾಗುತ್ತದೆ. ಅವುಗಳಲ್ಲಿ ಒಂದೊಂದೂ ನೇರವಾಗಿ ತನ್ನ ಲೆಕ್ಕದ ತಂತ್ರಾಂಶದೊಳಕ್ಕೆ ಬೇರು ಬಿಟ್ಟಿದ್ದರೆ, ಆ ತಂತ್ರಾಂಶವನ್ನು ಬದಲಿಸಿದ ದಿನ ಐದೂ ಕುಸಿಯುತ್ತವೆ. ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯವೆಂದರೆ, ತಮ್ಮ ಮನೆಗೆ ತಟಸ್ಥವಾದ ಒಂದು ಆಂತರಿಕ ವಿನ್ಯಾಸವನ್ನು ಗೊತ್ತುಮಾಡಿಕೊಂಡು, ಒಳಗಿನಿಂದ ಅಲ್ಲಿಯವರೆಗೆ ಒಂದೇ ಮ್ಯಾಪಿಂಗನ್ನೂ ಅಲ್ಲಿಂದ ಹೊರಗೆ ಒಬ್ಬೊಬ್ಬ ಖರೀದಿದಾರನಿಗೆ ಒಂದೊಂದನ್ನೂ ಇಡುವುದು. ಮಾನಕಗಳೂ ಸ್ಥಿರವಲ್ಲ. ಅಮೆರಿಕದ ಆರೋಗ್ಯವಿಮೆಯ ದಾವೆಗಳು ಎಕ್ಸ್-12ರ 4010 ಆವೃತ್ತಿಯಿಂದ 5010ಕ್ಕೆ 2012ರ ಜನವರಿ 1ರಂದು ಸಾಗಬೇಕೆಂದು ಕಾನೂನೇ ವಿಧಿಸಿತು. ಆದ್ದರಿಂದ ಅಳವಡಿಕೆಗೆ ಒಂದು ಸಾರಿ ಹಣವಿಟ್ಟು ಪಾಲನೆಗೆ ಏನನ್ನೂ ಇಡದ ಆಯವ್ಯಯವು ಅಪೂರ್ಣವಾದುದು.

ಎಲ್ಲ ದಸ್ತಾವೇಜುಗಳಲ್ಲಿಯೂ ಅತ್ಯಂತ ಕಠಿಣವಾದುದು 856 ಎಂಬ ಮುಂಗಡ ರವಾನೆ ಸೂಚನೆ. ಅದರಲ್ಲಿ ಲಾರಿ, ಲಾರಿಯೊಳಗಿನ ಆದೇಶ, ಆದೇಶದೊಳಗಿನ ಪ್ಯಾಲೆಟ್, ಪ್ಯಾಲೆಟ್ಟಿನ ಮೇಲಿನ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಸರಕು ಎಂದು ಮೆಟ್ಟಲು ಮೆಟ್ಟಲಾಗಿ ಹೇಳಬೇಕು. ಪೆಟ್ಟಿಗೆಯ ಮೇಲಂಟಿಸಿದ 18 ಅಂಕಿಗಳ ಬಾರ್‌ಕೋಡಿಗೂ ಸಂದೇಶದಲ್ಲಿನ ಸಂಖ್ಯೆಗೂ ಎಳ್ಳಷ್ಟೂ ಭೇದವಿರಬಾರದು. ಮತ್ತು ಲಾರಿಯು ಖರೀದಿದಾರನ ಬಾಗಿಲನ್ನು ಸೇರುವುದಕ್ಕೆ ಮೊದಲೇ ಸಂದೇಶವು ಸೇರಿರಬೇಕು. ಗೋದಾಮಿನ ಕಟ್ಟೆಯ ಮೇಲೆ ಸಂಜೆ ಏನು ನಡೆಯುತ್ತದೆ? ಲಾರಿಯಲ್ಲಿ ಸ್ಥಳ ಸಾಲದೆ ಎರಡು ಪೆಟ್ಟಿಗೆಗಳು ಕೆಳಗುಳಿಯುತ್ತವೆ. ಒಡೆದ ಪೆಟ್ಟಿಗೆಯೊಂದಕ್ಕೆ ಬದಲಾಗಿ ಬೇರೊಂದನ್ನು ಏರಿಸುತ್ತಾರೆ. ಸೂಚನೆಯಾದರೋ ಮಧ್ಯಾಹ್ನವೇ ಕಚೇರಿಯಿಂದ ಹೊರಟುಹೋಗಿದೆ. ಮರುದಿನ ಖರೀದಿದಾರನ ಗೋದಾಮಿನಲ್ಲಿ ಲೆಕ್ಕವು ತಪ್ಪಿ, ಸರಬರಾಜುದಾರನ ಬಿಲ್ಲಿನಿಂದ ದಂಡದ ಮೊತ್ತ ಕಡಿತವಾಗುತ್ತದೆ. ಇದನ್ನು ಯಾವ ಗಣಕತಜ್ಞನೂ ಕಚೇರಿಯಲ್ಲಿ ಕುಳಿತು ಸರಿಪಡಿಸಲಾರನು. ಪ್ರತಿಯೊಂದು ಪೆಟ್ಟಿಗೆಯನ್ನೂ ಲಾರಿಗೆ ಏರಿಸುವಾಗಲೇ ಸ್ಕ್ಯಾನ್ ಮಾಡುವುದು, ಲಾರಿಯ ಬಾಗಿಲು ಮುಚ್ಚಿದ ಮೇಲೆಯೇ ಸಂದೇಶವು ಹೊರಡುವಂತೆ ಏರ್ಪಡಿಸುವುದು, ಇವೇ ಮದ್ದು. ಅಂದರೆ ಹಮಾಲರ ಮೇಸ್ತ್ರಿಯನ್ನು ಮೊದಲ ಸಭೆಗೇ ಕರೆಯಬೇಕು. ಇಡಿಐ ಯೋಜನೆಯ ಸಭೆಯಲ್ಲಿ ಗೋದಾಮಿನವರಿಗೆ ಕುರ್ಚಿಯಿಲ್ಲದ ಸಂಸ್ಥೆಯು ಈ ದಸ್ತಾವೇಜಿನಲ್ಲಿ ಸೋಲುವುದು ಖಂಡಿತ.

ಸ್ವೀಕೃತಿಯ ವಿಷಯದಲ್ಲಿಯೂ ಒಂದು ಭ್ರಾಂತಿಯು ವ್ಯಾಪಕವಾಗಿದೆ. ಸಂದೇಶವನ್ನು ಪಡೆದ ಯಂತ್ರವು 997 ಎಂಬ ಪ್ರತಿಸಂದೇಶವನ್ನು ಕಳುಹಿಸುತ್ತದೆ; ಎಡಿಫ್ಯಾಕ್ಟಿನಲ್ಲಿ ಇದಕ್ಕೆ ಕಂಟ್ರೋಲ್ ಎಂದು ಹೆಸರು. ದಸ್ತಾವೇಜು ಬಂದಿದೆ, ಅದರ ರಚನೆಯಲ್ಲಿ ದೋಷವಿಲ್ಲ ಎಂಬಿಷ್ಟನ್ನೇ ಅದು ಹೇಳುವುದು. ಆದೇಶವನ್ನು ಒಪ್ಪಿದ್ದೇವೆ, ಸರಕು ದಾಸ್ತಾನಿನಲ್ಲಿದೆ, ದರ ಸರಿಯಿದೆ ಎಂದು ಹೇಳುವುದು 855 ಎಂಬ ಬೇರೊಂದು ದಸ್ತಾವೇಜು. ಮೊದಲನೆಯದನ್ನು ಎರಡನೆಯದೆಂದು ಭಾವಿಸಿ ನಿಶ್ಚಿಂತೆಯಿಂದಿದ್ದ ಖರೀದಿದಾರರು ಖಾಲಿ ಅಂಗಡಿಗಳನ್ನು ಕಂಡದ್ದುಂಟು. 997 ಬಾರದೆ ಹೋದ ಸಂದೇಶಗಳನ್ನು ದಿನವೂ ಹೊರತೆಗೆದು ನೋಡುವ ಕ್ರಮವೂ, ಒಂದೇ ನಿಯಂತ್ರಣ ಸಂಖ್ಯೆಯ ಸಂದೇಶವು ಎರಡನೆಯ ಸಾರಿ ಬಂದರೆ ಅದನ್ನು ತಡೆಯುವ ವ್ಯವಸ್ಥೆಯೂ ಇಲ್ಲದಿದ್ದಲ್ಲಿ, ಕಳೆದುಹೋದ ಆದೇಶಗಳೂ ಇಮ್ಮಡಿಯಾದ ಆದೇಶಗಳೂ ತಿಂಗಳ ಕೊನೆಯ ಲೆಕ್ಕದವರೆಗೆ ಬೆಳಕಿಗೆ ಬರುವುದಿಲ್ಲ.

ಸಾಗಣೆಯ ಮಾರ್ಗದ ಪ್ರಶ್ನೆಯು ಒಂದು ಕಾಲದಲ್ಲಿ ದೊಡ್ಡದಾಗಿತ್ತು, ಈಗ ಅಷ್ಟಿಲ್ಲ. ಮೌಲ್ಯವರ್ಧಿತ ಜಾಲಗಳೆಂಬ ಮಧ್ಯವರ್ತಿಗಳು ಅಂಚೆಪೆಟ್ಟಿಗೆಗಳನ್ನು ನಡೆಸಿ ಅಕ್ಷರಗಳ ಗಾತ್ರದ ಮೇಲೆ ಶುಲ್ಕ ವಿಧಿಸುತ್ತಿದ್ದುವು. 2002ರಲ್ಲಿ ವಾಲ್‌ಮಾರ್ಟ್ ತನ್ನ ಸರಬರಾಜುದಾರರನ್ನು ಅಂತರ್ಜಾಲದ ಮೂಲಕ ನೇರವಾಗಿ ಸಾಗುವ ಎಎಸ್2 ವಿಧಾನದತ್ತ ತಿರುಗಿಸಿದ ಮೇಲೆ ಆ ಖರ್ಚು ಬಹಳವಾಗಿ ಇಳಿಯಿತು. ಗೂಢಲಿಪಿ, ಅಂಕೀಯ ಸಹಿ, ಸಹಿಯಿರುವ ರಸೀದಿ ಇವೆಲ್ಲ ಆ ವಿಧಾನದಲ್ಲಿಯೇ ಅಡಕವಾಗಿವೆ. ಅಲ್ಲಿ ಉಳಿದಿರುವ ಅಪಾಯವೊಂದು ತೀರ ಸಾಮಾನ್ಯವಾದುದು: ಅಂಕೀಯ ಪ್ರಮಾಣಪತ್ರದ ಅವಧಿಯು ಮುಗಿದದ್ದನ್ನು ಯಾರೂ ಗಮನಿಸದೆ, ಒಂದು ಬೆಳಗ್ಗೆ ಸಂದೇಶಗಳೆಲ್ಲ ನಿಂತುಹೋಗುವುದು.

ಕಾನೂನಿನ ಸಂದೇಹವನ್ನೂ ಸಂಕ್ಷೇಪವಾಗಿ ಹೇಳಬಹುದು. ಸಹಿ ಮುದ್ರೆಗಳಿಲ್ಲದ ಸಂದೇಶವು ಕರಾರಾಗುವುದೇ ಎಂಬ ಶಂಕೆಗೆ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ 1996ರ ಮಾದರಿ ಕಾನೂನು ಉತ್ತರ ಕೊಟ್ಟಿತು. ಅದನ್ನನುಸರಿಸಿ ಬಂದ ಭಾರತದ ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದು, ವಿದ್ಯುನ್ಮಾನ ದಾಖಲೆಗೆ ಮಾನ್ಯತೆಯನ್ನು ನೀಡಿದುದಲ್ಲದೆ, ಸಂದೇಶವು ಯಾರದೆಂದು ಭಾವಿಸಬೇಕು, ಯಾವಾಗ ಹೊರಟಿತು, ಯಾವಾಗ ಮುಟ್ಟಿತು ಎಂಬುದಕ್ಕೂ ನಿಯಮಗಳನ್ನು ಹೇಳುತ್ತದೆ. ಇಷ್ಟಿದ್ದರೂ, ತಪ್ಪು ಸಂದೇಶದಿಂದಾದ ನಷ್ಟವನ್ನು ಯಾರು ಹೊರಬೇಕು, ದಾಖಲೆಗಳನ್ನು ಎಷ್ಟು ವರ್ಷ ಇಡಬೇಕು ಎಂಬ ವಿಷಯಗಳಲ್ಲಿ ಉಭಯಪಕ್ಷಗಳ ನಡುವೆ ವಿನಿಮಯ ಕರಾರೊಂದು ಇರುವುದು ಕ್ಷೇಮ. ವಿಶ್ವಸಂಸ್ಥೆಯ ಯೂರೋಪು ಆರ್ಥಿಕ ಆಯೋಗವು ಇದಕ್ಕೆ ಮಾದರಿಯನ್ನು 1995ರಲ್ಲಿಯೇ ಶಿಫಾರಸು ಮಾಡಿದೆ.

ಸಿಬ್ಬಂದಿಯ ಅಳುಕನ್ನು ಆಡಳಿತದವರು ಹಲವೊಮ್ಮೆ ಹಟವೆಂದು ಬಗೆಯುತ್ತಾರೆ, ಅದು ಸರಿಯಲ್ಲ. ಹದಿನೈದು ವರ್ಷ ಆದೇಶಗಳನ್ನು ತುಂಬಿಸಿದ ಗುಮಾಸ್ತನಿಗೆ ಗೊತ್ತಿರುವ ಅಪವಾದಗಳು, ಅಂದರೆ ಯಾವ ಗಿರಾಕಿಗೆ ಭಾಗಶಃ ರವಾನೆ ಕೂಡದು, ಯಾರಿಗೆ ಹಳೆಯ ದರವೇ ಮುಂದುವರಿದಿದೆ ಎಂಬಂಥವು, ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ. ಅವನನ್ನು ಕೆಲಸದಿಂದ ಬಿಡಿಸಿದ ಮೇಲೆ ನಿಯಮಗಳನ್ನು ಬರೆಯಲು ಕುಳಿತರೆ ಬರೆಸುವವರೇ ಇರುವುದಿಲ್ಲ. ಆದುದರಿಂದ ಆ ನೌಕರನನ್ನು ಅಪವಾದಗಳ ಪರಿಶೀಲಕನನ್ನಾಗಿ ಉಳಿಸಿಕೊಂಡು, ಒಬ್ಬನೇ ಗಿರಾಕಿ, ಒಂದೇ ದಸ್ತಾವೇಜು ಎಂದು ಆರಂಭಿಸಿ, ಕೆಲವು ವಾರ ಕಾಗದವನ್ನೂ ಯಂತ್ರವನ್ನೂ ಜೊತೆಜೊತೆಯಾಗಿ ನಡೆಸಿ, ಎರಡರ ಫಲಗಳು ತಪ್ಪದೆ ಹೊಂದಿದ ಮೇಲೆ ಕಾಗದವನ್ನು ನಿಶ್ಚಯವಾಗಿಯೂ ನಿಲ್ಲಿಸುವುದು ಯುಕ್ತವಾದ ಕ್ರಮ. ನಿಲ್ಲಿಸುವುದು ಮುಖ್ಯ. ಎರಡನ್ನೂ ವರ್ಷಗಟ್ಟಲೆ ಉಳಿಸಿಕೊಂಡವರು ಎರಡರ ಖರ್ಚನ್ನೂ ತೆತ್ತು ಒಂದರ ಲಾಭವನ್ನೂ ಪಡೆಯರು.

ಸಣ್ಣ ಸಂಸ್ಥೆಗಳ ಪಾಡು ಪ್ರತ್ಯೇಕವಾಗಿ ಪರಿಗಣಿಸತಕ್ಕದ್ದು. ದೊಡ್ಡ ಖರೀದಿದಾರನು ಇಡಿಐಯನ್ನು ಷರತ್ತಾಗಿ ವಿಧಿಸಿದಾಗ ಲಾಭವೆಲ್ಲ ಅವನ ಕಡೆಗೂ ಶ್ರಮವೆಲ್ಲ ಸರಬರಾಜುದಾರನ ಕಡೆಗೂ ಬೀಳುವುದುಂಟು. ಖರೀದಿದಾರನ ಜಾಲತಾಣಕ್ಕೆ ಹೋಗಿ ಆದೇಶವನ್ನು ಓದಿ, ಸರಕುಪಟ್ಟಿಯನ್ನು ಕೈಯಾರೆ ತುಂಬಿ, ಮತ್ತೆ ಅದನ್ನೇ ತನ್ನ ಲೆಕ್ಕದಲ್ಲಿಯೂ ಬರೆಯುವ ಸಣ್ಣ ತಯಾರಕನಿಗೆ ಕೆಲಸವು ಇಮ್ಮಡಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಖರೀದಿದಾರರು ಆರಂಭದ ವೆಚ್ಚದಲ್ಲಿ ಪಾಲುಗೊಳ್ಳುವುದು, ಸರಿಯಾದ ಸರಕುಪಟ್ಟಿ ಕಳುಹಿಸಿದವರಿಗೆ ಬೇಗ ಹಣ ಸಲ್ಲಿಸುವುದು, ದಂಡಗಳನ್ನು ಮೊದಲ ಕೆಲವು ತಿಂಗಳು ತಡೆಹಿಡಿಯುವುದು, ಇವು ಔದಾರ್ಯವೆಂದು ಕಂಡರೂ ವಾಸ್ತವವಾಗಿ ಅವರದೇ ಹಿತ. ಏಕೆಂದರೆ ಸರಪಳಿಯ ಅರ್ಧದಷ್ಟು ಜನ ಕಾಗದದಲ್ಲಿಯೇ ಉಳಿದರೆ ಎರಡು ಪದ್ಧತಿಗಳನ್ನು ನಡೆಸಬೇಕಾದ ಭಾರವು ಖರೀದಿದಾರನ ಮೇಲೆಯೇ ಉಳಿಯುತ್ತದೆ. ಹಂತಹಂತವಾಗಿ ಇಳಿದು ಬರುವ ಕ್ರಮಕ್ಕೆ ಭಾರತದ ಜಿಎಸ್‌ಟಿ ಇ-ಇನ್ವಾಯ್ಸ್ ಉತ್ತಮ ದೃಷ್ಟಾಂತ. ಸರಕುಪಟ್ಟಿಯು ಗೊತ್ತಾದ ವಿನ್ಯಾಸದಲ್ಲಿ ನೋಂದಣಿ ದ್ವಾರಕ್ಕೆ ಹೋಗಿ 64 ಅಕ್ಷರಗಳ ಗುರುತನ್ನೂ ಕ್ಯೂಆರ್ ಕೋಡನ್ನೂ ಪಡೆದುಬರಬೇಕೆಂಬ ಈ ನಿಯಮವು 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೆ ಮೇಲ್ಪಟ್ಟ ವಹಿವಾಟಿನವರಿಗೆ ಮೊದಲು ಅನ್ವಯಿಸಿತು; 2021ರ ಜನವರಿಯಲ್ಲಿ ಮಿತಿಯು 100 ಕೋಟಿಗೂ, ಏಪ್ರಿಲ್‌ನಲ್ಲಿ 50 ಕೋಟಿಗೂ, 2022ರ ಏಪ್ರಿಲ್‌ನಲ್ಲಿ 20 ಕೋಟಿಗೂ, ಅಕ್ಟೋಬರ್‌ನಲ್ಲಿ 10 ಕೋಟಿಗೂ ಇಳಿಯಿತು. ದೊಡ್ಡವರು ಎದುರಿಸಿದ ದೋಷಗಳು ತಂತ್ರಾಂಶಗಳಲ್ಲಿ ತಿದ್ದಲ್ಪಟ್ಟ ಮೇಲೆ ಚಿಕ್ಕವರ ಸರದಿ ಬಂದುದರಿಂದ ಅವರಿಗೆ ಸಾಮಾನ್ಯ ಲೆಕ್ಕದ ತಂತ್ರಾಂಶದೊಳಗೇ ಈ ಸೌಕರ್ಯವು ಸಿದ್ಧವಾಗಿ ದೊರೆಯಿತು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಮೇಲ್ಪಟ್ಟ ವಹಿವಾಟುಳ್ಳವರೂ ಇದರ ವ್ಯಾಪ್ತಿಗೆ ಸೇರಿದ್ದಾರೆ.